ಮಲಗೇ ಇದ್ದವಳು ಎಲ್ಲಿಗೆ ಬೀಳಲಿ

ನಾನು ನಿದ್ದೆಯಲ್ಲಿ ಇಪ್ಪತ್ತೆರಡು ಜೇಬು ಹೊಲಿದಿದ್ದೇನೆ. ಸುಳ್ಳಲ್ಲ, ರಾಯದುರ್ಗದಲ್ಲಿ ನಾನು ಕೆಲಸ ಮಾಡುವ ಜೀನ್ಸ್ ಯುನಿಟ್ಟಿನ ಜನರೆಲ್ಲ ಕಣ್ಣಾರೆ ಕಂಡಿದ್ದಾರೆ. ಪ್ಯಾಂಟಿನ ಹಿಂಜೇಬನ್ನು ಮೂರು ಬದಿ ಹೊಲಿದು ಮೇಲೆ ಬಾಯಿ ಬಿಡಬೇಕು. ನಾನು ನಾಲ್ಕೂ ಬದಿ ಹೊಲಿದಿದ್ದೆ. ಕಾಲು ಪೆಡಲ್ ಮೇಲೆ, ಕೈ ಬಟ್ಟೆಯ ಮೇಲೆ, ಕಣ್ಣು ಅರ್ಧ ತೆರೆದೇ ಇತ್ತಂತೆ. ಹೊಲಿಗೆ ಮಾತ್ರ ನೂಲು ಹಿಡಿದ ಹಾಗೆ ನೆಟ್ಟಗಿತ್ತು. ಮೇಸ್ತ್ರಿ ಒಂದು ಜೇಬಿಗೆ ಬೆರಳು ತೂರಿಸಲು ನೋಡಿದ, ಇನ್ನೊಂದಕ್ಕೆ ನೋಡಿದ, ಆಮೇಲೆ ಇಡೀ ಬಂಡಲನ್ನು ನನ್ನ ಮುಂದೆ ಸುರಿದ.

"ಏನ್ರೀ ಸುಜಾತಕ್ಕ, ಈ ಪ್ಯಾಂಟ್ ಹಾಕ್ಕಂಡವ ಕೈ ಎಲ್ಲಿ ಇಟ್ಕಬೇಕ್ರಿ?"

ಹೊಲಿಗೆ ಹಾಲ್‌ನಲ್ಲಿ ಒಬ್ಬರೂ ನಗಲಿಲ್ಲ. ನಗು ಬರಲಿಲ್ಲ ಅಂತಲ್ಲ, ನಾನು ಅಲ್ಲಿದ್ದೆನಲ್ಲ, ಅದಕ್ಕೆ.

ನಾನು ನಕ್ಕರೆ ಬೀಳುತ್ತೇನೆ. ನನ್ನ ಕಾಯಿಲೆಯ ಅರ್ಧ ಇದು. ಇನ್ನರ್ಧ ನಿದ್ದೆ, ಹೊತ್ತುಗೊತ್ತಿಲ್ಲದೆ ಬಂದು ಕೂರುವ ನಿದ್ದೆ. ಬೈದಾದರೂ ಸರಿ, ನಿದ್ದೆಯನ್ನು ಜನ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ನಗು ಬಂದಾಗ ಮೊಣಕಾಲು ಕುಸಿಯುತ್ತದೆ, ಕುತ್ತಿಗೆ ಜೋಲುತ್ತದೆ, ದವಡೆ ಸಡಿಲಾಗುತ್ತದೆ, ಎಚ್ಚರ ಮಾತ್ರ ಪೂರ್ತಿ ಇರುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಬಸ್ಸಿನಲ್ಲಿ, ಪಾಠದ ನಡುವೆ, ಒಲೆಯ ಮುಂದೆ ನಿದ್ದೆ ಹೋಗಿ ಬೈಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೈದವರೂ ಓದಿದರೆ ನನ್ನ ಅಡ್ಡಿಯಿಲ್ಲ, ಅವರಿಗೂ ಇದರಲ್ಲಿ ಒಂದಿಷ್ಟು ಪಾಲಿದೆ.

ನಾನು ಹುಟ್ಟಿದ್ದು ಮಡಕಶಿರಾ ಕಡೆ, ಅಗಳಿ ಹತ್ತಿರದ ಹಳ್ಳಿಯಲ್ಲಿ. ಅಪ್ಪನಿಗೆ ಕಡಲೆಕಾಯಿ ಹೊಲ, ಒಂದಿಷ್ಟು ಹಿಪ್ಪುನೇರಳೆ. ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಗಂಡ ಒಂದು ಯುನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ನಾನೂ ಅತ್ತೆಯೂ ಇನ್ನೊಂದರಲ್ಲಿ. ನಾನು ಮಿಷನ್ ಮೇಲೆ, ಅತ್ತೆ ನನ್ನ ಮಿಷನ್ನಿನ ಪಕ್ಕದಲ್ಲೇ ನೆಲದ ಮೇಲೆ ಕೂತು ಹೊಲಿದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುವ ಕೆಲಸ. ಅವರ ಹೆಸರು ಈರಮ್ಮ. ಈರಮ್ಮನ ಬಾಯಿ ಎಂದರೆ ಇಡೀ ಹಾಲಿಗೆ ಹಬ್ಬ. ಕತ್ತರಿ ಕಚಕಚ ಎನ್ನುತ್ತಿದ್ದಂತೆ ಅವರ ಕತೆಗಳು ಹೊರಡುತ್ತಿದ್ದವು. ಯಾರ ಮನೆಯ ಬೀಗರು ಹೇಗೆ ಮುನಿದರು, ಯಾವ ಮೇಸ್ತ್ರಿ ಯಾವ ಸೀರೆ ಅಂಗಡಿಯಲ್ಲಿ ಯಾರಿಗೆ ಸಿಕ್ಕಿಬಿದ್ದ, ಎಲ್ಲ ಅವರವರ ದನಿಯಲ್ಲೇ. ಹೊಸದಾಗಿ ಬಂದ ಸೊಸೆಗೆ ಊರು ಒಗ್ಗಿದ್ದು ಆ ಕತೆಗಳಿಂದಲೇ. ಗಡಿಯ ಊರಾದ್ದರಿಂದ ತೆಲುಗಿನಲ್ಲಿ ಜಗಳ ಶುರುವಾಗಿ ಕನ್ನಡದಲ್ಲಿ ರಾಜಿಯಾಗುವ ಆ ಕತೆಗಳನ್ನು ಕೇಳುತ್ತ ನಾನು ತವರನ್ನು ನೆನೆಯುವುದನ್ನೇ ಮರೆತೆ.

ಮದುವೆಯಾಗಿ ಎರಡು ವರ್ಷಕ್ಕೆ ನಿದ್ದೆ ಶುರುವಾಯಿತು. ಆಟೋದಲ್ಲಿ, ನಲ್ಲಿಯ ಸಾಲಿನಲ್ಲಿ ನಿಂತಲ್ಲೇ, ಉಣ್ಣುವಾಗ ತುತ್ತು ಕೈಯಲ್ಲಿರುವಾಗಲೇ. ರಕ್ತ ಕಡಿಮೆ ಎಂದು ಟಾನಿಕ್ ಕುಡಿಸಿದರು. ಕುಡಿದು ನಿದ್ದೆ ಹೋದೆ. ಆಮೇಲೊಂದು ದಿನ ಅಡಿಗೆಮನೆಯಲ್ಲಿ ಅತ್ತೆ ನಮ್ಮ ಬೀದಿಯ ಎರಡು ಮನೆಗಳ ಕೋಳಿ ಜಗಳವನ್ನು ಕೋಳಿಗಳ ನಡಿಗೆಯ ಸಮೇತ ಆಡಿ ತೋರಿಸುತ್ತಿದ್ದರು. ನನ್ನ ಕೈಯಲ್ಲಿ ಒಲೆಯಿಂದ ಇಳಿಸಿದ ಸಾರಿನ ಪಾತ್ರೆ. ನಗು ಬಂತು. ಕೈಯಿಂದ ಪಾತ್ರೆ ಹೋಯಿತು, ಕಾಲು ಹೋಯಿತು, ಎಡಗೈ ಮೊಣಕೈವರೆಗೆ ಸುಟ್ಟಿತು. ಕೂಗಲು ದವಡೆ ಬರಲಿಲ್ಲ. ಅತ್ತೆ ನನ್ನ ಮುಖದ ಹತ್ತಿರ ಮುಖ ತಂದು ಕಿರುಚುವುದು ನನಗೆ ಪೂರ್ತಿ ಕೇಳುತ್ತಿತ್ತು. ಉತ್ತರ ಕೊಡಲಾಗದೆ ಕಣ್ಣು ಮಾತ್ರ ಪಿಳಪಿಳ ಬಿಡುತ್ತಿದ್ದೆ.

ಅಂದಿನಿಂದ ಅತ್ತೆ ನನ್ನೆದುರು ಕತೆ ಹೇಳುವುದನ್ನು ಬಿಟ್ಟರು. ಹಾಲಿನಲ್ಲೂ ಅಷ್ಟೇ. ನಾನು ನೀರು ಕುಡಿಯಲು ಎದ್ದು ಹೋದರೆ ಮಾತು, ತಿರುಗಿ ಬಂದರೆ ಕತ್ತರಿ ಸದ್ದು. "ಏ, ಸುಮ್ಕಿರ್ರೇ, ಆಕಿ ಬಂದ್ಲು" ಎಂದು ಯಾರೋ ಪಿಸುಗುಡುತ್ತಿದ್ದರು. ಕಾಳಜಿಯಿಂದಲೇ ಮಾಡಿದ್ದು, ಬಲ್ಲೆ. ಆ ಕಾಳಜಿಯನ್ನು ಆರು ವರ್ಷ ಉಂಡಿದ್ದೇನೆ. ಬೈಗುಳಕ್ಕಿಂತ ಅದು ಜೀರ್ಣವಾಗುವುದು ಕಷ್ಟ. ನಿದ್ದೆ ಬಂದರೆ ಬರಲಿ, ಆ ನಗು ನನಗೆ ವಾಪಸು ಬೇಕಿತ್ತು. ಉಳಿದದ್ದೆಲ್ಲ ಆಮೇಲಿನ ಮಾತು.

ಒಮ್ಮೆ ತವರಿಗೆ ಹೋಗಿದ್ದೆ, ಅಣ್ಣನ ಮಗುವಿನ ನಾಮಕರಣಕ್ಕೆ. ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಕೂಸು ಸೋದರಮಾವನ ಹೊಸ ಪಂಚೆಯ ಮೇಲೆ ಉಚ್ಚೆ ಹೊಯ್ದಿತು. ಎಲ್ಲರೂ ನಕ್ಕರು. ನಾನು ನಕ್ಕು ಕುಸಿದೆ. ತಲೆ ಜೋತುಬಿದ್ದಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಕಣ್ಣೆದುರಿಗೆ ಯಾರೋ ಕರ್ಪೂರ ಹಚ್ಚಿದರು. ಕೈಯಲ್ಲಿ ನಿಂಬೆಹಣ್ಣು ಇಟ್ಟರು. ಒಬ್ಬಾಕೆ ಮಂಡಿಯೂರಿ, "ತಾಯಿ, ನನ್ ಮಗನ್ಗೆ ಹೆಣ್ಣು ಯಾವಾಗ ಕೂಡ್ ಬತ್ತದೆ ಏಳವ್ವ" ಎಂದು ಕೇಳಿದಳು. ಅವಳ ಮಗನನ್ನು ನಾನು ಬಲ್ಲೆ. ಹೇಳಬೇಕಾದ್ದು ಬಹಳ ಇತ್ತು, ನಾಲಿಗೆ ಬರಲಿಲ್ಲ.

ಮಾರನೆ ದಿನ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. "ಕಾಯ್ಲೆ ಅಂತ ಎಲ್ಲೂ ಬಾಯ್ಬಿಡ್ಬ್ಯಾಡ ಕಣೆ. ದೇವ್ರು ಬತ್ತದೆ ಅಂದ್ರೆ ಗಂಡನ್ ಮನೇರೂ ಮರ್ವಾದೆ ಕೊಡ್ತಾರೆ."

"ನಗು ಬಂದು ಬಿದ್ದೆ ಕಣವ್ವ. ದೇವ್ರೂ ಇಲ್ಲ ಏನೂ ಇಲ್ಲ."

"ಅಂಗೆಲ್ಲ ಅನ್ಬಾರ್ದು" ಎಂದು ಅವ್ವ ಕೆನ್ನೆ ಬಡಿದುಕೊಂಡಳು. ಅವಳ ಭಯ ನನಗೆ ಅರ್ಥವಾಗುತ್ತದೆ. ಕಾಯಿಲೆಯ ಮಗಳನ್ನು ಗಂಡನ ಮನೆಯವರು ವಾಪಸು ಕಳಿಸಬಹುದು, ದೇವರನ್ನು ಯಾರು ವಾಪಸು ಕಳಿಸುತ್ತಾರೆ? ವಾರ ಕಳೆಯುವುದರೊಳಗೆ ಇಬ್ಬರು ಹೆಂಗಸರು ತೆಂಗಿನಕಾಯಿ ಹಿಡಿದು ಬಾಗಿಲಿಗೆ ಬಂದರು. ಅವರನ್ನು ಕೂರಿಸಿ, ನಾಮಕರಣದ ದಿನದಿಂದ ಕೂಡಿಟ್ಟಿದ್ದ ನಿಂಬೆಹಣ್ಣುಗಳನ್ನೆಲ್ಲ ಹಿಂಡಿ ಪಾನಕ ಮಾಡಿ ಕೊಟ್ಟೆ, ನಾನೂ ಒಂದು ಲೋಟ ಕುಡಿದೆ. ಆಮೇಲೆ ಯಾರೂ ಬರಲಿಲ್ಲ. ಅವ್ವನ ಸಮಾಧಾನಕ್ಕೆ ಹೇಮಾವತಿಯ ಸಿದ್ಧೇಶ್ವರನ ಗುಡಿಗೂ ಹೋದೆವು. ಕಂಬಕ್ಕೆ ಒರಗಿ ಕೂತವಳು ಮಂಗಳಾರತಿಯ ತನಕ ಗೊರಕೆ ಹೊಡೆದೆ. ಅಲ್ಲಿ ಯಾರೂ ನನ್ನನ್ನು ಎಬ್ಬಿಸಲಿಲ್ಲ, ಆ ಉಪಕಾರ ಇವತ್ತಿಗೂ ನೆನಪಿದೆ.

ಮಡಕಶಿರಾ ಕಡೆ ದೇವರಾಗಿದ್ದವಳು ಬಸ್ಸಿಳಿದು ರಾಯದುರ್ಗಕ್ಕೆ ಬಂದರೆ ನಾಟಕದವಳು. ಅದೇ ಮೊಣಕಾಲು, ಅದೇ ಕುತ್ತಿಗೆ. "ಟಾರ್ಗೆಟ್ ಜಾಸ್ತಿ ಇದ್ದ ದಿನಾನ ಬೀಳ್ತಾಳ್ರಿ" ಎಂದು ಮೇಸ್ತ್ರಿ ಲೆಕ್ಕ ಹಾಕಿ ಹೇಳಿದ್ದ. ಒಬ್ಬ ಡಾಕ್ಟರು ಫಿಟ್ಸ್ ಎಂದು ಮಾತ್ರೆ ಬರೆದರು. ಆ ಮಾತ್ರೆಗೆ ಇನ್ನಷ್ಟು ನಿದ್ದೆ ಬಂತು, ಆ ನಿದ್ದೆಯಲ್ಲೇ ಇಪ್ಪತ್ತೆರಡು ಜೇಬು ಹೊಲಿದದ್ದು.

ಮೇಸ್ತ್ರಿ ಬಂಡಲ್ ಸುರಿದ ದಿನ ಅತ್ತೆ ನಾನು ಹೊಲಿದ ಜೇಬಿನ ಒಂದು ಪೀಸ್ ಎತ್ತಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಮರುದಿನ ಇಬ್ಬರೂ ಬಳ್ಳಾರಿಗೆ ಹೋದೆವು, ನರಗಳ ಡಾಕ್ಟರ ಬಳಿಗೆ. ಬೆಂಚಿನ ಮೇಲೆ ಮೂರು ಗಂಟೆ. ನನ್ನ ಹೆಸರು ಕೂಗಿದಾಗ ನಾನು ನಿದ್ದೆಯಲ್ಲಿದ್ದು ಸರದಿ ತಪ್ಪಬಾರದೆಂದು ಅತ್ತೆ ನನ್ನ ಅಂಗೈಯನ್ನು ಹೆಬ್ಬೆರಳಿನ ಉಗುರಿನಿಂದ ಒತ್ತುತ್ತಲೇ ಇದ್ದರು. ಒಳಗೆ ಹೋದ ಮೇಲೆ ಹಳೆಯ ರಿಪೋರ್ಟಿಗಿಂತ ಮುಂಚೆ ಆ ಜೇಬನ್ನು ಡಾಕ್ಟರ ಮೇಜಿನ ಮೇಲಿಟ್ಟರು.

"ಎಲ್ಲಾರೂ ಈಕೀನ ಸೋಮಾರಿ ಅಂತಾರ್ರಿ. ನೀವ ನೋಡ್ರಿ. ಸೋಮಾರಿ ಆಗಿದ್ರ ಎರಡು ಬದಿ ಹೊಲದು ಬಿಡ್ತಿದ್ಲು. ನಾಕೂ ಬದಿ ಯಾವ ಸೋಮಾರಿ ಹೊಲೀತಾಳ್ರಿ?"

ಡಾಕ್ಟರು ಜೇಬನ್ನು ತಿರುಗಿಸಿ ತಿರುಗಿಸಿ ನೋಡಿದರು. ಆ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಹೊಲಿದದ್ದು ನೆನಪಿದೆಯೇನಮ್ಮ?" ಎಂದರು. ಇಲ್ಲ ಎಂದೆ. ಜೇಬನ್ನು ಪಕ್ಕಕ್ಕಿಟ್ಟು ಮತ್ತೆ ಕೇಳಿದರು, "ನಗು ಬಂದಾಗ ಮೊಣಕಾಲು ಸೋಲ್ತಾವೇನು?"

ನಾನು ಅಳಲು ಶುರು ಮಾಡಿದೆ. ಐದು ವರ್ಷಗಳಲ್ಲಿ ಎಷ್ಟೋ ಜನ ಎಷ್ಟೋ ಪ್ರಶ್ನೆ ಕೇಳಿದ್ದರು. ಊಟ ಸರಿಯಾಗಿ ಮಾಡುತ್ತೀಯಾ, ಗಂಡನ ಜೊತೆ ಜಗಳವಾ, ಫೋನು ನೋಡುತ್ತೀಯಾ. ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ಯಾರೋ ನನ್ನ ಮನೆಯ ಬಾಗಿಲನ್ನು ಸರಿಯಾಗಿ ಹುಡುಕಿಕೊಂಡು ಬಂದು ತಟ್ಟಿದ ಹಾಗಿತ್ತು.

ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು. ತಲೆಗೆಲ್ಲ ವೈರು ಅಂಟಿಸಿ, ಹಗಲಿಡೀ ಎರಡೆರಡು ಗಂಟೆಗೊಮ್ಮೆ "ಮಲ್ಕೊಳ್ಳಿ" ಎನ್ನುತ್ತಾರೆ. ಐದು ಸಲ. ಜನ್ಮದಲ್ಲಿ ಮೊದಲ ಬಾರಿಗೆ ಹಗಲು ಮಲಗಿದ್ದಕ್ಕೆ ಯಾರೂ ಬೈಯಲಿಲ್ಲ. ಐದೂ ಸಲ ಕಣ್ಣು ಮುಚ್ಚುವುದೇ ತಡ, ನಿದ್ದೆ. ನಾಲ್ಕನೆಯ ನಿದ್ದೆ ಮುಗಿದು ಏಳುವಾಗ ಬಾಗಿಲಾಚೆ ನಗುವಿನ ಸದ್ದು ಕೇಳಿಸಿತು. ಒಬ್ಬಿಬ್ಬರದಲ್ಲ, ಒಂದು ಗುಂಪಿನ ನಗು. ನಡುವೆ ಅತ್ತೆಯ ದನಿ, "ನಮ್ಮ ಸೊಸಿ ನಾಕು ಪರೀಕ್ಷಾದಾಗ ನಾಕೂ ಪಾಸ್ರಿ, ನಮ್ಮನ್ಯಾಗ ಇಷ್ಟು ಮಾರ್ಕ್ಸ್ ಯಾರೂ ತಗಂಡಿಲ್ಲ" ಎನ್ನುತ್ತಿತ್ತು. ನಾನು ಬಾಗಿಲು ತೆರೆದೆ. ಬೆಂಚಿನ ಮೇಲಿದ್ದ ರೋಗಿಗಳ ಕಡೆಯವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆ ನನ್ನನ್ನು ಕಂಡದ್ದೇ ಮುಖ ಬಿಗಿದು, "ಚಾ ಕುಡೀತೀಯೇನವಾ?" ಎಂದರು.

ಆ ಕ್ಷಣದ ಹೊಟ್ಟೆಕಿಚ್ಚನ್ನು ಮುಚ್ಚಿಡುವುದಿಲ್ಲ. ಗುರುತು ಪರಿಚಯವಿಲ್ಲದವರಿಗೆಲ್ಲ ಇದ್ದ ಈರಮ್ಮ ನನಗೊಬ್ಬಳಿಗೆ ಇರಲಿಲ್ಲ.

ಕಾಯಿಲೆಗೆ ಹೆಸರು ಸಿಕ್ಕಿತು. ನಾರ್ಕೊಲೆಪ್ಸಿ. ನಕ್ಕು ಬೀಳುವುದಕ್ಕೆ ಬೇರೊಂದು ಹೆಸರು, ಕ್ಯಾಟಪ್ಲೆಕ್ಸಿ. ಬಾಳಿಡೀ ಇರುತ್ತದೆ, ಮಾತ್ರೆಯಿಂದ ಹಿಡಿತಕ್ಕೆ ಬರುತ್ತದೆ ಎಂದರು. ಗಂಡ ಚೀಟಿಯನ್ನು ಎರಡು ಸಲ ಓದಿ, "ಹಂಗಾದ್ರ ನೀ ಸೋಮಾರಿ ಅಲ್ಲ" ಎಂದ. ಅಷ್ಟು ತಿಳಿಯಲು ಇವನಿಗೆ ಬೆಂಗಳೂರಿನ ಚೀಟಿ ಬೇಕಾಯಿತಲ್ಲ ಎಂದು ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವನೇ ಸಾರು ಮಾಡಿ ಬಡಿಸಿದ. ಉಪ್ಪು ಜಾಸ್ತಿಯಾಗಿತ್ತು, ಉಂಡೆ.

ಮೇಸ್ತ್ರಿಯ ಹತ್ತಿರ ಆ ಚೀಟಿ ಹಿಡಿದು ನಾನೇ ಹೋದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಇಪ್ಪತ್ತು ನಿಮಿಷ ಚಿಂದಿ ಬಟ್ಟೆಯ ರಾಶಿಯ ಮೇಲೆ ಮಲಗುತ್ತೇನೆ, ಉಳಿದ ಹೊತ್ತು ನನ್ನ ಕೆಲಸ ನೋಡಿ ಎಂದೆ. ಮಿಷನ್ ಬಿಟ್ಟು ದಾರ ಕತ್ತರಿಸಲು ಕೂತುಕೋ ಎಂದ. ಆಗುವುದಿಲ್ಲ, ಹೊಲಿಗೆ ನನ್ನ ವಿದ್ಯೆ ಎಂದೆ. ಒಂದು ತಿಂಗಳು ನೋಡೋಣ ಎಂದವನು ಇನ್ನೂ ನೋಡುತ್ತಲೇ ಇದ್ದಾನೆ. ಮಾತ್ರೆ ಹಿಡಿಯಿತು, ಜೇಬುಗಳ ಬಾಯಿ ತೆರೆದೇ ಉಳಿದವು.

ಆದರೆ ಅತ್ತೆಯ ಬಾಯಿ ತೆರೆಯಲಿಲ್ಲ. ಡಾಕ್ಟರೇ ನಗುವಿನ ಹೆಸರು ಹೇಳಿದ ಮೇಲೆ ಅವರ ಪಥ್ಯ ಇನ್ನೂ ಬಿಗಿಯಾಯಿತು. ಮನೆಯಲ್ಲಿ ಟಿವಿಯಲ್ಲಿ ನಗೆಯ ಕಾರ್ಯಕ್ರಮ ಬಂದರೆ ಚಾನೆಲ್ ಬದಲಾಯಿಸುವವರೂ ಅವರೇ. ಮಾತ್ರೆಯಿಂದ ಬೀಳುವುದು ಕಡಿಮೆಯಾಗಿದೆ ಎಂದರೆ, "ಕಡಿಮಿ ಅಂದ್ರ ಇಲ್ಲ ಅಂತಲ್ಲ" ಎನ್ನುತ್ತಿದ್ದರು.

ಒಂದು ವರ್ಷದ ಮೇಲೆ ಬೆಂಗಳೂರಿನಿಂದ ಫೋನು ಬಂತು. ಮೇಘನಾ ಎಂಬ ಸಂಶೋಧಕಿ. ನನ್ನಂಥವರು ನಗುವಾಗ ಮಿದುಳಿನಲ್ಲಿ ಏನಾಗುತ್ತದೆಂದು ಸ್ಕ್ಯಾನ್ ಯಂತ್ರದಲ್ಲಿ ಚಿತ್ರ ತೆಗೆದು ನೋಡುತ್ತಾರಂತೆ. ದೊಡ್ಡ ಅಧ್ಯಯನ ಶುರುವಾಗುವ ಮೊದಲು ಕೆಲವರ ಮೇಲೆ ಪ್ರಯೋಗ ಮಾಡಿ ನೋಡಬೇಕು, ಬರುತ್ತೀರಾ ಎಂದಳು. ನನಗೇನು ಪ್ರಯೋಜನ ಎಂದು ಕೇಳಿದೆ. "ನಿಜ ಹೇಳ್ಬೇಕಂದ್ರೆ ನಿಮಗೆ ನೇರವಾಗಿ ಏನೂ ಇಲ್ಲ ಮೇಡಂ" ಎಂದಳು. ಆ ಹುಡುಗಿ ನನಗೆ ಅಲ್ಲೇ ಹಿಡಿಸಿದಳು.

"ಬೆಂಗಳೂರಿನೋರಿಗೆ ನೀ ಏನು ಇಲಿ ಅದೀ ಏನು?" ಎಂದ ಗಂಡ.

"ಇಲಿಗೆ ಯಾರೂ ಬರ್ತೀಯೇನು ಅಂತ ಕೇಳಂಗಿಲ್ಲ. ನನಗ ಕೇಳ್ಯಾರ" ಎಂದೆ. ಆರು ವರ್ಷ ಎಲ್ಲರೂ ನಗಬೇಡ ಎಂದಿದ್ದರು. ಈಗ ಯಾರೋ ದಯವಿಟ್ಟು ನಗಿ ಎಂದು ಕರೆಯುತ್ತಿದ್ದಾರೆ. ಹೋಗದೆ ಇರುತ್ತೇನೆಯೇ?

ಆ ಯಂತ್ರದೊಳಗೆ ಲೋಹ ಒಯ್ಯುವಂತಿಲ್ಲ. ತಾಳಿ, ಕಾಲುಂಗುರ ತೆಗೆಯಬೇಕು ಎಂದದ್ದೇ ಅತ್ತೆ ತಾವೂ ಬರುವುದಾಗಿ ಹೊರಟರು. ಜೀನ್ಸ್ ಹೊಲಿಯುವ ದಪ್ಪ ದಾರಕ್ಕೆ ಅರಿಶಿನ ಬಳಿದು, ಅರಿಶಿನದ ಕೊಂಬು ಕಟ್ಟಿ, ಮನೆಯಲ್ಲೇ ಸಿದ್ಧ ಮಾಡಿಕೊಂಡಿದ್ದರು. ಆಸ್ಪತ್ರೆಯಲ್ಲಿ ನನ್ನ ತಾಳಿ ಬಿಚ್ಚಿಸಿ ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಆ ದಾರ ನನ್ನ ಕೊರಳಿಗೆ ಕಟ್ಟಿದರು. ಮೇಘನಾ ಅನುಮಾನದಿಂದ ನೋಡಿದಾಗ, "ಇದರಾಗ ಕಬ್ಬಿಣ ಇಲ್ಲ ಬಿಡವಾ, ದಾರದ ವಿಷಯ ನಮಗ ಗೊತ್ತೈತಿ" ಎಂದರು. ನನಗೆ ಅದೆಲ್ಲ ಬೇಕಿರಲಿಲ್ಲ. ಆದರೆ ಅವರು ಒಂದೊಂದು ಗಂಟನ್ನೂ ಎಳೆದೆಳೆದು ನೋಡಿ ಹಾಕುತ್ತಿದ್ದರು. ಸುಮ್ಮನೆ ಕೊರಳು ಕೊಟ್ಟೆ.

ಡಾಕ್ಟರ ಕಣ್ಗಾವಲಿನಲ್ಲಿ ಮಾತ್ರೆಯನ್ನು ಕೆಲವು ದಿನ ಮೊದಲೇ ಹಂತಹಂತವಾಗಿ ನಿಲ್ಲಿಸಿದ್ದರು. ಹಾಗಾಗಿ ನಾನು ಮತ್ತೆ ಹಳೆಯ ಸುಜಾತ. ಯಂತ್ರದ ಹಲಗೆಯ ಮೇಲೆ ಮಲಗಿಸಿ, ತಲೆ ಅಲುಗದಂತೆ ದಿಂಬು ತುರುಕಿ, ಕೈಗೆ ಒಂದು ರಬ್ಬರ್ ಬುರುಡೆ ಕೊಟ್ಟರು. ಭಯವಾದರೆ, ಕಷ್ಟವಾದರೆ ಇದನ್ನು ಒತ್ತಿ, ತಕ್ಷಣ ಹೊರಗೆ ತೆಗೆಯುತ್ತೇವೆ ಎಂದರು.

"ಮೇಡಂ, ನಾನು ನಕ್ಕಾಗ ಕೈ ಸೋಲ್ತಾವ. ಆವಾಗ ಇದನ್ನ ಯಾರು ಒತ್ತಬೇಕ್ರಿ?"

ಮೇಘನಾ ನನ್ನನ್ನು ನೋಡಿದಳು, ಬುರುಡೆಯನ್ನು ನೋಡಿದಳು, ಪಕ್ಕದ ತಂತ್ರಜ್ಞನನ್ನು ನೋಡಿದಳು. ಇಬ್ಬರೂ ಓದಿದವರು, ಇಬ್ಬರಿಗೂ ಇದು ಹೊಳೆದಿರಲಿಲ್ಲ. ಅರ್ಧ ಗಂಟೆ ಎಲ್ಲ ನಿಂತಿತು. ಅವಳ ಮೇಲಿನ ಡಾಕ್ಟರು ಬಂದರು. ಕೊನೆಗೆ ನನ್ನ ಮುಖ ಕಾಣುವ ಹಾಗೆ ಕ್ಯಾಮೆರಾ ಇಟ್ಟು, ಒಬ್ಬರು ಅದನ್ನೇ ನೋಡುತ್ತ ಕೂರುವುದು, ನನಗೆ ಬೇಡವಾದರೆ ನಾನು ಎರಡು ಸಲ ಗಟ್ಟಿಯಾಗಿ ಕಣ್ಣು ಮುಚ್ಚಿ ತೆರೆಯುವುದು ಎಂದಾಯಿತು. ಕಣ್ಣು ನನ್ನ ಮಾತು ಯಾವತ್ತೂ ಕೇಳುತ್ತದೆ.

ಆಮೇಲೆ ಯಂತ್ರದೊಳಗೆ ತಳ್ಳಿದರು, ಕಣ್ಣಿನ ಮೇಲೆ ಇಟ್ಟಿದ್ದ ಸಣ್ಣ ಕನ್ನಡಿಯಲ್ಲಿ ವ್ಯಂಗ್ಯಚಿತ್ರಗಳು ಬಂದವು. ಕೋಟು ಹಾಕಿದ ನಾಯಿ ಆಫೀಸಿನಲ್ಲಿ ಕೂತಿದೆ. ಒಬ್ಬ ಲಿಫ್ಟಿನಲ್ಲಿ ಛತ್ರಿ ಹಿಡಿದಿದ್ದಾನೆ. ಒಂದು ಹಿಮಕರಡಿ ಫ್ರಿಜ್ಜಿನ ಬಾಗಿಲು ತೆರೆಯುತ್ತಿದೆ. ಹೀಗೆ ಐವತ್ತೋ ಅರವತ್ತೋ. ನನಗೆ ಬಂದದ್ದು ನಿದ್ದೆ. ಹೊರಗೆ ತೆಗೆದಾಗ ಮೇಘನಾಳ ಮುಖ ಬಾಡಿತ್ತು. "ಒಂದಕ್ಕೂ ನಗು ಬರಲಿಲ್ವಾ?" ಎಂದಳು.

"ನಿಮಗ ಬಂತೇನ್ರಿ?" ಎಂದೆ. ಅವಳು ಸ್ವಲ್ಪ ಯೋಚಿಸಿ, ಇಲ್ಲ ಎಂದು ಒಪ್ಪಿಕೊಂಡಳು. ನಮ್ಮ ಮೇಸ್ತ್ರಿ ಸೀನಿದರೂ ಇದಕ್ಕಿಂತ ಹೆಚ್ಚು ನಗು ಬರುತ್ತದೆ ಎಂದು ಹೇಳಿದೆ. ಹಾಗಾದರೆ ನಿಮ್ಮನ್ನು ನಗಿಸುವುದು ಏನು ಎಂದು ಕೇಳಿದಳು. ನಾನು ಬಾಗಿಲಿನತ್ತ ಕೈ ತೋರಿಸಿದೆ. ಆಚೆ ಬೆಂಚಿನ ಮೇಲೆ ಸೆರಗಿನ ಗಂಟು ಹಿಡಿದು ಈರಮ್ಮ ಕೂತಿದ್ದರು.

"ನಾ ಒಲ್ಲೆ" ಎಂದರು ಅತ್ತೆ. "ಆಕೀಗ ಏನಾರ ಆದ್ರ ನಾ ಏನು ಮಾಡ್ಲಿ? ಒಮ್ಮೆ ಸುಟ್ಟದ್ದು ಸಾಕು. ಮತ್ತ ಬಿದ್ದರ?"

"ಅತ್ತೀ, ಒಳಗ ಮಲಗೇ ಇರ್ತೀನಿ. ಮಲಗಿದಾಕಿ ಎಲ್ಲಿಗೆ ಬೀಳ್ಲಿ?"

ಅವರು ಆಗಲೂ ಮುಖ ತಿರುವಿದರು. ಆರು ವರ್ಷದಿಂದ ಕಟ್ಟಿಟ್ಟ ಮಾತು ನನ್ನ ಬಾಯಿಂದ ಬಂತು. "ನನ್ನ ಕೈ ಸುಟ್ಟಿದ್ದು ಸಾರು, ನಿಮ್ಮ ಕತಿ ಅಲ್ಲ. ನಿಮ್ಮ ಮನಿಗೆ ಬಂದು ನಾ ಉಳಿದದ್ದ ನಿಮ್ಮ ಕತಿಯಿಂದ. ಅದನ್ನ ಊರಿಗೆಲ್ಲ ಹೇಳ್ತೀರಿ, ನನ್ನ ಕಂಡ್ರ ಮುಖ ತಿರುವ್ತೀರಿ. ಈ ಬ್ಯಾನಿ ನನಗ ಅಷ್ಟು ಕಷ್ಟ ಕೊಟ್ಟಿಲ್ರಿ, ನೀವು ಕೊಟ್ಟೀರಿ."

ಅತ್ತೆಯೊಂದಿಗೆ ನಾನು ಹೀಗೆ ಮಾತಾಡಿದ್ದು ಅದೇ ಮೊದಲು. ಅವರು ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಮೇಘನಾಳ ಕಡೆ ತಿರುಗಿ, "ಒಂದು ಕತ್ರಿ ಕೊಡವಾ" ಎಂದರು. "ಕೈಯಾಗ ಕೆಲಸ ಇಲ್ದ ನನಗ ಮಾತು ಬರಂಗಿಲ್ಲ."

ಕತೆಯನ್ನು ಮೊದಲೇ ರೆಕಾರ್ಡ್ ಮಾಡಿಕೊಳ್ಳಲು ಒಂದು ಸಣ್ಣ ಕೋಣೆಯಲ್ಲಿ ಮೈಕು ಇಟ್ಟರು. ಅತ್ತೆ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು, ದಾರ ಬಿಟ್ಟಿದ್ದ ಆಸ್ಪತ್ರೆಯ ಹೊದಿಕೆಯೊಂದನ್ನು ಮಡಿಲಿಗೆ ಹಾಕಿಕೊಂಡರು. ಒಳಗೆ ಏನು ಹೇಳಿದರೋ ನನಗೆ ಆಗ ಗೊತ್ತಾಗಲಿಲ್ಲ. ಅದು ಮುಗಿದ ಮೇಲೆ ಕಿವಿಗೆ ಹೆಡ್‌ಫೋನು ಹಾಕಿ ಮತ್ತೆ ನನ್ನನ್ನು ಯಂತ್ರದೊಳಗೆ ತಳ್ಳಿದರು. ಆ ಯಂತ್ರದ ಸದ್ದಿಗೆ ಎಲ್ಲರೂ ಹೆದರುತ್ತಾರಂತೆ. ಅರವತ್ತು ಹೊಲಿಗೆ ಮಿಷನ್ ಒಟ್ಟಿಗೆ ಓಡುವ ಹಾಲಿನಲ್ಲಿ ದುಡಿಯುವವಳಿಗೆ ಅದೇನು ಮಹಾ. ಆ ಸದ್ದಿನ ನಡುವೆ ಕಿವಿಯಲ್ಲಿ ಮೊದಲು ಕೇಳಿದ್ದು ಕತ್ತರಿ. ಕಚ್, ಕಚ್. ನನ್ನ ಕಣ್ಣು ತುಂಬಿತು. ಅಲುಗಬಾರದೆಂದು ಹೇಳಿದ್ದರು, ಒರೆಸಿಕೊಳ್ಳಲಿಲ್ಲ.

ಕತೆ ನನ್ನ ಮಾವನದು. ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡ ಅವರು ಶೋಕಿಯ ಮನುಷ್ಯ. ಊರಿಗೆ ಜೀನ್ಸ್ ಕೆಲಸ ಹೊಸದಾಗಿ ಬಂದ ಕಾಲಕ್ಕೆ ಯಾರೋ ತಪ್ಪು ಬಂಡಲ್ ಕಟ್ಟಿ ಒಂದು ಪ್ಯಾಂಟಿಗೆ ಎರಡೂ ಎಡಗಾಲೇ ಹೊಲಿದಿದ್ದರಂತೆ. ಮೂಲೆಗೆ ಎಸೆದದ್ದನ್ನು ಮಾವ ಮನೆಗೆ ತಂದರು. ತಮ್ಮನಿಗೆ ಹೆಣ್ಣು ನೋಡಲು ಹೋಗುವ ದಿನ ಅದನ್ನೇ ಏರಿಸಿದರು.

"ಬಲಗಾಲು ಇಟ್ಟಲ್ಲೆಲ್ಲ ಎಡಕ್ಕ ತಿರುಗತೈತಿ" ಎಂದಿತು ಅತ್ತೆಯ ದನಿ. "ಹೆಣ್ಣಿನವ್ವ ನೋಡಿದ್ಲು. ಅಯ್ಯ, ಅಣ್ಣಾರಿಗೆ ಕಾಲೇನಾತ್ರಿ ಅಂದ್ಲು. ತಪ್ಪು ಪ್ಯಾಂಟ್ ಹಾಕ್ಕಂಡೀನಿ ಅನ್ನಾಕ ಇವರಿಗೆ ಮಾನ ಹೋಗತೈತಿ. ಸಣ್ಣವಿದ್ದಾಗ ಎತ್ತು ತುಳೀತ್ರಿ ಅಂದ್ರು. ಮುಗೀತು. ನಿಶ್ಚಯಕ್ಕ ಹೋದಾಗ ಪಂಚಿ ಉಟ್ಟಾರ, ಆದ್ರೂ ಕುಂಟಬೇಕು. ಮದುವಿ ಮೂರು ದಿನ. ಎರಡನೇ ದಿನಕ್ಕ ಯಾವ ಕಾಲು ಅಂತ ಮರತ ಬಿಟ್ರು."

ನನ್ನ ಹೊಟ್ಟೆ ಆಗಲೇ ಕುಣಿಯುತ್ತಿತ್ತು.

"ಬೀಗತಿ ಬಂದ್ಲು. ಅಣ್ಣಾರ, ನಿನ್ನಿ ಬಲಗಾಲಲ್ಲೇನ್ರಿ ಅಂದ್ಲು. ನಿಮ್ಮ ಮಾವ ಒಂದು ಗಳಿಗಿ ತಮ್ಮ ಎರಡೂ ಕಾಲು ನೋಡಿಕ್ಯಂಡ್ರು. ನೋಡಿಕ್ಯಂಡು, ಹೌದವಾ, ನಿಮ್ಮ ಮನಿ ನೀರಿಗೆ ಅದು ವಾಸಿ ಆತು, ಇದು ಹಿಡೀತು ಅಂದ್ರು."

ನಾನು ನಕ್ಕೆ. ಆರು ವರ್ಷದ ನಗು ಒಟ್ಟಿಗೆ ಬಂತು. ಮೊದಲು ದವಡೆ ಹೋಯಿತು, ಆಮೇಲೆ ಕುತ್ತಿಗೆ, ಕೈ, ಮೊಣಕಾಲು. ಇಡೀ ಮೈ ನೀರಿಗೆ ಬಿಟ್ಟ ಹಸಿ ಬಟ್ಟೆಯಂತೆ ಸಡಿಲಾಯಿತು. ಬೀಳಲಿಲ್ಲ. ಬೀಳಲು ಜಾಗವೇ ಇರಲಿಲ್ಲ. ಬಲ್ಲಿರಾ, ಆ ಸ್ಥಿತಿಯಲ್ಲಿ ಮೊದಲ ಬಾರಿಗೆ ನನಗೆ ಭಯವಾಗಲಿಲ್ಲ. ಒಳಗೊಳಗೆ ನಗುತ್ತಲೇ, ಕಿವಿಯಲ್ಲಿ ಬೀಗತಿಯ ಉತ್ತರ ಕೇಳುತ್ತ ಮಲಗಿದ್ದೆ.

ಹೊರಗೆ ಬಂದಾಗ ಮೇಘನಾ ಗೋಜಲಿನಲ್ಲಿದ್ದಳು. ನಕ್ಕಾಗ ತಲೆ ಅಲುಗಿ ಆ ಚಿತ್ರಗಳೆಲ್ಲ ಕಲಸಿಹೋಗಿದ್ದವು. ಮೈ ಸೋತ ಮೇಲಿನವು ಮಾತ್ರ ಒಂದಿಷ್ಟೂ ಕದಲದೆ ಬಂದಿದ್ದವು. ಪರದೆಯ ಮೇಲೆ ಬೂದುಬಣ್ಣದ ಮಡಿಕೆ ಮಡಿಕೆ ಮಿದುಳು. ಅತ್ತೆ ಹತ್ತಿರ ಬಗ್ಗಿ ನೋಡಿದರು. "ಇದರಾಗ ನಾ ಹೇಳಿದ ಕತಿ ಎಲ್ಲೈತವಾ?"

ಮೇಘನಾ ಬೆರಳು ಎತ್ತಿದಳು, ಎಲ್ಲಿಡುವುದೆಂದು ತಿಳಿಯದೆ ಇಳಿಸಿದಳು. "ಒಬ್ಬರ ಚಿತ್ರದಿಂದ ಹೇಳೋಕಾಗಲ್ಲಮ್ಮ. ತುಂಬಾ ಜನರದ್ದು ಬೇಕು" ಎಂದಳು. ಆ ನಾಯಿ, ಕರಡಿಗಳನ್ನು ಬಿಟ್ಟು, ಬಂದವರು ಅವರವರ ಮನೆಯಲ್ಲಿ ಯಾವುದಕ್ಕೆ ನಗುತ್ತಾರೋ ಅದನ್ನೇ ಕೇಳಿಸುವ ದಾರಿ ಹುಡುಕುತ್ತೇವೆ ಎಂದೂ ಹೇಳಿದಳು. ಹುಡುಕಲಿ. ನನ್ನ ಮಿದುಳಿನಲ್ಲಿ ಏನು ಕಡಿಮೆಯಿದೆ ಎಂದು ಅವರು ಇನ್ನೂ ನೋಡುತ್ತಿದ್ದಾರೆ. ಅದರಲ್ಲಿ ಏನೇನು ಇದೆ ಎಂಬುದು ನನಗೆ ಅವತ್ತೇ ಗೊತ್ತಾಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂತಿದ್ದರು. ಕ್ಯಾಮೆರಾದಲ್ಲಿ ನನ್ನ ಮುಖ ನೋಡುತ್ತ ಕೂತವರ ಪಕ್ಕದಲ್ಲೇ ಅವರನ್ನೂ ಕೂರಿಸಿದ್ದರಂತೆ.

"ನಿನ್ನ ಬಾಯಿ ಜೋತಿತ್ತು, ಕಣ್ಣು ಮಾತ್ರ ನಗತಿತ್ತು" ಎಂದರು. "ಇಷ್ಟು ದಿನ ನೀ ಬಿದ್ದಾಗ ಒಳಗ ಜೀವ ಒದ್ದಾಡತಿರತೈತಿ ಅನಕಂಡಿದ್ದೆ. ನೀ ಒಳಗ ಕತಿ ಕೇಳ್ತಿರ್ತೀ ಏನು?"

"ಒಂದಕ್ಷರ ಬಿಡದಂಗ ಕೇಳ್ತೀನ್ರಿ."

ಅವರು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಆಮೇಲೆ ಇಬ್ಬರಿಗೂ ನಿದ್ದೆ ಹತ್ತಿತು. ಅವರದು ದಣಿವಿನ ನಿದ್ದೆ, ನನ್ನದು ನನ್ನದು.

ಮಾತ್ರೆ ಮತ್ತೆ ಶುರುವಾಗಿ, ಮೈ ಹಿಡಿತಕ್ಕೆ ಬಂದ ಮೇಲೆ ಕೆಲಸಕ್ಕೆ ಹೋದೆ. ಗೋಡೆ ಪಕ್ಕದ ಮಿಷನ್ ಕೇಳಿ ಪಡೆದೆ. ಎಡಕ್ಕೆ ಗೋಡೆ, ಬಲಕ್ಕೆ ಬಂಡಲುಗಳ ರಾಶಿ. ಯಾರಾದರೂ ಮಾತಿಗೆ ಶುರುವಾದರೆ ಮೊದಲು ಮಿಷನ್ ಬಂದ್ ಮಾಡಿ ಸೂಜಿಯಿಂದ ಕೈ ತೆಗೆಯುತ್ತೇನೆ, ಅದು ನಾನೇ ಮಾಡಿಕೊಂಡ ನಿಯಮ. ಮೊದಲ ದಿನ ಚಹಾದ ಹೊತ್ತಿಗೆ ಅತ್ತೆ ಎಂದಿನಂತೆ ದಾರ ಕತ್ತರಿಸುತ್ತ ಕೂತಿದ್ದರು. ನಾನು ಮಿಷನ್ ಬಂದ್ ಮಾಡಿ ಕೈ ಕಟ್ಟಿ ಕೂತೆ. ಅವರು ನನ್ನ ಮುಖ ನೋಡಿದರು, ಗೋಡೆ ನೋಡಿದರು, ಬಂಡಲುಗಳ ರಾಶಿ ನೋಡಿದರು. ಆಮೇಲೆ ಕತ್ತರಿಯಾಡಿಸುತ್ತ, ಆಸ್ಪತ್ರೆಯಲ್ಲಿ ತಾವು ಒಬ್ಬ ದೊಡ್ಡ ಡಾಕ್ಟರನ್ನು ವಾರ್ಡ್ ಬಾಯ್ ಎಂದುಕೊಂಡು ಬಿಸಿನೀರು ತರಲು ಕಳಿಸಿದ್ದನ್ನು, ಆತ ನಿಜಕ್ಕೂ ತಂದುಕೊಟ್ಟದ್ದನ್ನು ಹೇಳತೊಡಗಿದರು. ಇಡೀ ಹಾಲ್ ಕಿವಿಯಾಯಿತು. ಒಬ್ಬೊಬ್ಬರಾಗಿ ನಗತೊಡಗಿದರು, ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತ.

ಮಾತ್ರೆ ಇದ್ದರೂ ಆ ನಗುವನ್ನು ತಡೆಯಲಿಲ್ಲ. ನನ್ನ ಕುತ್ತಿಗೆ ಸೋತಿತು, ತಲೆ ಬಂಡಲುಗಳ ಮೇಲೆ ಬಿತ್ತು. ಇಡೀ ಹಾಲ್ ಗಪ್ಪಾಯಿತು. ಕತ್ತರಿಯೂ ನಿಂತಿತು. ಯಾರೋ ಓಡಿಬರುವ ಹೆಜ್ಜೆ ಕೇಳಿಸಿತು. ಮೂಗಿಗೆ ಹೊಸ ಬಟ್ಟೆಯ ನೀಲಿಯ ವಾಸನೆ, ಎದೆಯೊಳಗೆ ಕೋಪ. ನಿಲ್ಲಿಸಬೇಡಿ, ಮಾರಾಯ್ತಿಯರಾ, ಅಲ್ಲಿಗೇ ನಿಲ್ಲಿಸಬೇಡಿ ಎಂದು ಒಳಗೇ ಕೂಗುತ್ತಿದ್ದೆ. ಒಂದು ನಿಮಿಷವಾಯಿತೋ ಏನೋ. ದವಡೆಗೆ ಜೀವ ಬಂತು. ತಲೆ ಎತ್ತಲು ಇನ್ನೂ ಆಗುತ್ತಿರಲಿಲ್ಲ. ಬಂಡಲಿನ ಮೇಲೆ ಕೆನ್ನೆ ಇಟ್ಟುಕೊಂಡೇ ಕೇಳಿದೆ:

"ಬಿಸಿನೀರು ತಂದ್ರು. ಮುಂದ?"

ಕತ್ತರಿ ಮತ್ತೆ ಕಚ್ ಎಂದಿತು. "ಮುಂದೇನು," ಎಂದರು ಅತ್ತೆ, "ಆರಿದ್ದು ತಂದೀಯಲ್ಲೋ ತಮ್ಮಾ, ಹೋಗಿ ಬ್ಯಾರೆ ತಗಂಡು ಬಾ ಅಂದೆ."